ಎಣ್ಣೆ ಮುಖ, ಮುಚ್ಚಿದ ರಂಧ್ರ ಮತ್ತು ಶೇ. 2ರ ಆಮ್ಲ



ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ಕಾಲೇಜಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನೊಂದು ಮಾದರಿ ತಯಾರಿಸಿದ್ದೆ. ಬಂದವರಿಗೆ ಅದನ್ನು ವಿವರಿಸುವ ಕೆಲಸವೂ ನನ್ನದೇ ಆಗಿತ್ತು. ಆ ದಿನ ಬೆಳಿಗ್ಗೆ "ಜ್ವರ ಬಂದಿದೆ" ಎಂದು ಹೇಳಿ ಕಳಿಸಿ ನಾನು ಮನೆಯಲ್ಲೇ ಉಳಿದೆ. ನನ್ನ ಬದಲು ನಿಂತ ಗೆಳತಿ ಕೇಳಿದ ಪ್ರಶ್ನೆಗಳಿಗೆ ತಡವರಿಸಿದಳು, ನಮ್ಮ ತಂಡಕ್ಕೆ ಬಹುಮಾನ ಬರಲಿಲ್ಲ. ನನಗೆ ಜ್ವರ ಇರಲಿಲ್ಲ. ಹಿಂದಿನ ರಾತ್ರಿ ಮೊಡವೆ ಹೋಗಲೆಂದು ಲಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ಮುಖಕ್ಕೆ ಹಚ್ಚಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಕೆನ್ನೆ ಸುಟ್ಟಂತೆ ಕೆಂಪಾಗಿದ್ದವು. ಆ ಮುಖ ಇಟ್ಟುಕೊಂಡು ಜನರ ಮುಂದೆ ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ಇದನ್ನು ಓದುವ ಮೇಡಂ ಅವರು ಮತ್ತು ನನ್ನ ಗೆಳತಿ ಕ್ಷಮಿಸಲಿ.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಮೊಡವೆಯಿಂದ ಹಿಂದಿನ ಬೆಂಚಿಗೆ ಹೋಗಿ ಕೂತವಳು ನಾನೊಬ್ಬಳೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ಗುಂಪು ಫೋಟೊ ತೆಗೆಯುವಾಗ ತಲೆ ತಗ್ಗಿಸುವವರಿದ್ದಾರೆ. ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲದವರಿದ್ದಾರೆ. ಹುಡುಗರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಟೋಪಿ ಹಣೆಯ ಮೇಲೆ ಎಳೆದುಕೊಳ್ಳುವುದು ಅವರಿಗೂ ಗೊತ್ತು. ಈ ಸಂಕೋಚದಿಂದ ನಾವು ಸಿಕ್ಕಿದ್ದನ್ನೆಲ್ಲ ಹಚ್ಚಿಕೊಂಡು ಇನ್ನಷ್ಟು ಕೆಡಿಸಿಕೊಳ್ಳುತ್ತೇವೆ. ನಾನು ಎರಡು ಸಲ ಕೆಡಿಸಿಕೊಂಡೆ, ಮೂರನೆಯ ಸಲ ಸರಿಯಾದ ದಾರಿ ಹಿಡಿದೆ. ಆ ದಾರಿ ಯಾವುದು, ಅದರ ಹಿಂದಿನ ವಿಜ್ಞಾನ ಏನು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ರಂಧ್ರ ಎಂದರೆ ಏನು?

ನಮ್ಮ ಚರ್ಮದ ಮೇಲೆ ಕಣ್ಣಿಗೆ ಕಾಣುವ ಸಣ್ಣ ತೂತುಗಳು ಕೂದಲಿನ ಬುಡದ ಬಾಯಿಗಳು. ಪ್ರತಿ ಕೂದಲಿನ ಬುಡಕ್ಕೂ ಒಂದು ಎಣ್ಣೆಯ ಗ್ರಂಥಿ ಅಂಟಿಕೊಂಡಿರುತ್ತದೆ. ಜೀವಶಾಸ್ತ್ರದಲ್ಲಿ ಅದಕ್ಕೆ ಮೇದೋಗ್ರಂಥಿ ಎನ್ನುತ್ತಾರೆ. ಅದು ಸ್ರವಿಸುವ ಎಣ್ಣೆಯ ಹೆಸರು ಸೀಬಮ್. ಅದರಲ್ಲಿ ಕೊಬ್ಬು, ಮೇಣ ಮತ್ತು ಸ್ಕ್ವಾಲೀನ್ ಎಂಬ ಎಣ್ಣೆಯ ಅಂಶ ಇರುತ್ತವೆ. ಹಣೆ, ಮೂಗು, ಗದ್ದ, ಬೆನ್ನು, ಎದೆಗಳಲ್ಲಿ ಈ ಗ್ರಂಥಿಗಳು ದೊಡ್ಡವು ಮತ್ತು ಹೆಚ್ಚು. ಅಂಗೈ, ಅಂಗಾಲುಗಳಲ್ಲಿ ಇಲ್ಲವೇ ಇಲ್ಲ. ಅಂಗೈಯಲ್ಲಿ ಮೊಡವೆ ಬಂದವರನ್ನು ನೀವು ನೋಡಿರಲಾರಿರಿ.

ಹದಿಹರೆಯದಲ್ಲಿ ಆಂಡ್ರೋಜನ್ ಎಂಬ ಹಾರ್ಮೋನುಗಳು ಹುಡುಗರಲ್ಲೂ ಹುಡುಗಿಯರಲ್ಲೂ ಹೆಚ್ಚುತ್ತವೆ. ಅವು ಈ ಗ್ರಂಥಿಗಳಿಗೆ "ಇನ್ನಷ್ಟು ಎಣ್ಣೆ ಮಾಡು" ಎಂದು ಆಜ್ಞೆ ಕೊಡುತ್ತವೆ. ಜೊತೆಗೆ ರಂಧ್ರದ ಒಳಗೋಡೆಯ ಜೀವಕೋಶಗಳು ಬೇಗ ಬೇಗ ಹುಟ್ಟಿ ಸಾಯುತ್ತವೆ. ಸಾಮಾನ್ಯವಾಗಿ ಸತ್ತ ಕೋಶಗಳು ಒಂದೊಂದಾಗಿ ಉದುರಿ ಎಣ್ಣೆಯೊಡನೆ ಹೊರಬರಬೇಕು. ಮೊಡವೆ ಬರುವವರಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು, ಎಣ್ಣೆಯಲ್ಲಿ ನೆನೆದು, ಬೂಚಿನಂತೆ ಬಾಯಿ ಮುಚ್ಚುತ್ತವೆ.

ಈ ಬೂಚಿನ ಬಾಯಿ ತೆರೆದಿದ್ದರೆ ಅದು ಬ್ಲ್ಯಾಕ್‌ಹೆಡ್. ಮೇಲೆ ತೆಳು ಚರ್ಮ ಮುಚ್ಚಿದ್ದರೆ ವೈಟ್‌ಹೆಡ್. ಬ್ಲ್ಯಾಕ್‌ಹೆಡ್‌ನ ಕಪ್ಪು ಬಣ್ಣ ಧೂಳಲ್ಲ, ಕೊಳೆಯೂ ಅಲ್ಲ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಮತ್ತು ಗಾಳಿ ತಾಗಿ ಉತ್ಕರ್ಷಣಗೊಂಡ ಎಣ್ಣೆ ಸೇರಿ ಆ ಬಣ್ಣ ಬರುತ್ತದೆ. ಆದ್ದರಿಂದ "ಮುಖ ಸ್ವಚ್ಛ ತೊಳೆಯಲ್ಲ, ಅದಕ್ಕೆ ಹಿಂಗಾಗಿದೆ" ಎಂದು ಯಾರನ್ನೂ ಹಂಗಿಸಬೇಡಿ, ಅದು ಸುಳ್ಳು. ಮುಚ್ಚಿದ ರಂಧ್ರದೊಳಗೆ ಗಾಳಿ ಕಡಿಮೆ, ಎಣ್ಣೆ ಹೆಚ್ಚು. ಎಲ್ಲರ ಚರ್ಮದಲ್ಲೂ ಇರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಜೀವಿಗೆ ಅದು ಹೇಳಿ ಮಾಡಿಸಿದ ಮನೆ. ಅಲ್ಲಿ ಅದು ಬೆಳೆದಾಗ ದೇಹ ಪ್ರತಿಭಟಿಸುತ್ತದೆ, ಊದಿಕೊಳ್ಳುತ್ತದೆ, ಕೀವು ತುಂಬುತ್ತದೆ. ಅದೇ ನೋಯುವ ಮೊಡವೆ.

ಇನ್ನೂ ಒಂದು ತಪ್ಪು ತಿಳಿವಳಿಕೆ ಇದೆ. ಮಿರ್ಚಿ ಭಜಿ ತಿಂದರೆ ಅದರ ಎಣ್ಣೆ ಮುಖದಲ್ಲಿ ಹೊರಬರುತ್ತದೆ ಎನ್ನುತ್ತಾರೆ. ಹಾಗೇನೂ ಇಲ್ಲ. ತಿಂದ ಎಣ್ಣೆ ಜೀರ್ಣವಾಗುತ್ತದೆ, ಮುಖದ ಎಣ್ಣೆಯನ್ನು ಗ್ರಂಥಿಯೇ ತಯಾರಿಸುತ್ತದೆ. ಆದರೆ ಭಜಿ ತಿಂದ ಕೈಯಿಂದ ಗದ್ದ ಮುಟ್ಟುತ್ತ ಕೂರುವುದು ಒಳ್ಳೆಯದಲ್ಲ.

ಮೊದಲ ತಪ್ಪು: ಲಿಂಬೆ ಮತ್ತು ಸೋಡಾ

ನಮ್ಮ ಜಿಲ್ಲೆಯಲ್ಲಿ ಲಿಂಬೆಗೆ ಬರವಿಲ್ಲ. ಇಂಡಿಯ ಲಿಂಬೆ ದೂರದ ಮಾರುಕಟ್ಟೆಗಳಿಗೆ ಹೋಗುತ್ತದೆ, ನಮ್ಮ ಅಡುಗೆಮನೆಯಲ್ಲಿ ಸದಾ ಇರುತ್ತದೆ. "ಮನೆಯಲ್ಲಿರುವುದು, ತಿನ್ನುವುದು, ಅದರಿಂದ ಏನಾಗುತ್ತದೆ?" ಎಂದು ನಾನು ಯೋಚಿಸಿದ್ದೆ. ಪಿಎಚ್ ಪಾಠ ಓದಿದ್ದರೂ ಮುಖಕ್ಕೆ ಹಚ್ಚುವಾಗ ಅದು ನೆನಪಿಗೆ ಬರಲಿಲ್ಲ.

ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿರುತ್ತದೆ, ಅದರ ಪಿಎಚ್ ಸುಮಾರು 5. ಲಿಂಬೆರಸದ ಪಿಎಚ್ ಸುಮಾರು 2. ವ್ಯತ್ಯಾಸ ಬರೀ 3 ಅಲ್ಲವೇ ಎನ್ನಬೇಡಿ. ಪಿಎಚ್ ಮಾಪಕ ಲಾಗರಿದಮ್ ಮಾಪಕ. ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನಿನ ಸಾಂದ್ರತೆ 10 ಪಟ್ಟು ಏರುತ್ತದೆ, ಮೂರು ಅಂಕ ಇಳಿದರೆ 1,000 ಪಟ್ಟು. ಜೊತೆಗೆ ಲಿಂಬೆಯ ಸಿಪ್ಪೆ ಮತ್ತು ರಸದಲ್ಲಿ ಫ್ಯೂರೊಕೂಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಗಾಯದಂಥ ಗುಳ್ಳೆ ಏಳಬಹುದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ವಿಜಯಪುರದ ಬಿಸಿಲು ಎಂಥದೆಂದು ನಾನು ಹೇಳಬೇಕಿಲ್ಲ.

ಸೋಡಾ ಬೆರೆಸಿದರೆ ಆಮ್ಲ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ನೊರೆ ಬಂದಿದ್ದು ಇಂಗಾಲದ ಡೈಆಕ್ಸೈಡ್. ಆದರೆ ನಾನು ಅಳತೆ ಮಾಡಿ ಬೆರೆಸಿರಲಿಲ್ಲ. ಎಲ್ಲಿ ಲಿಂಬೆ ಹೆಚ್ಚಿತ್ತೋ ಅಲ್ಲಿ ಆಮ್ಲ, ಎಲ್ಲಿ ಸೋಡಾ ಹೆಚ್ಚಿತ್ತೋ ಅಲ್ಲಿ ಕ್ಷಾರ. ಮೇಲಿಂದ ಸೋಡಾದ ಹರಳಿನಿಂದ ಗಸಗಸ ತಿಕ್ಕಿದ್ದೆ. ಫಲ ಏನಾಯಿತು ಎಂದು ಮೊದಲೇ ಹೇಳಿದ್ದೇನೆ.

ನಾನಿ ಹೇಳುತ್ತಿದ್ದ ಮೊಸರು, ಕಡಲೆಹಿಟ್ಟು ಇದಕ್ಕಿಂತ ಎಷ್ಟೋ ವಾಸಿ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇದೆ, ಅದು ಲಿಂಬೆಯಷ್ಟು ತೀಕ್ಷ್ಣವಲ್ಲ. ಮುಲ್ತಾನಿ ಮಿಟ್ಟಿ ಮೇಲಿನ ಎಣ್ಣೆ ಹೀರುತ್ತದೆ. ಆದರೆ ಇವೆರಡೂ ಕೆಲಸ ಮಾಡುವುದು ಮೇಲ್ಮೈಯಲ್ಲಿ. ನಮ್ಮ ಬೂಚು ಇರುವುದು ರಂಧ್ರದ ಒಳಗೆ.

ಎರಡನೆಯ ತಪ್ಪು: ಹೆಸರು ನೋಡದೆ ಹಚ್ಚಿದ ಕ್ರೀಮು

ಕೆನ್ನೆ ವಾಸಿಯಾದ ಮೇಲೆ ಮೊಡವೆ ಹಾಗೆಯೇ ಇದ್ದವು, ಜೊತೆಗೆ ಕಲೆಗಳೂ ಸೇರಿದ್ದವು. ಖಾಲಾನ ಮಗಳು ಒಂದು ಟ್ಯೂಬು ಕೊಟ್ಟಳು. "ಒಂದು ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಆಗುತ್ತದೆ" ಎಂದಳು. ಹಾಗೆಯೇ ಆಯಿತು! ಎಲ್ಲರೂ ಹೊಗಳಿದರು. ಮೂರು ವಾರದ ನಂತರ ಟ್ಯೂಬು ಮುಗಿಯಿತು. ನಾಲ್ಕನೇ ದಿನಕ್ಕೆ ಮುಖವೆಲ್ಲ ಉರಿ, ಕೆಂಪು, ಒಂದೇ ಅಳತೆಯ ನೂರಾರು ಸಣ್ಣ ಗುಳ್ಳೆಗಳು.

ಆಗ ಅಮ್ಮಿ ನನ್ನನ್ನು ಸರಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋದರು. ಡಾಕ್ಟರ್ ಮೇಡಂ ಖಾಲಿ ಟ್ಯೂಬು ತಿರುವಿ ನೋಡಿ, ಅದರ ಮೇಲಿದ್ದ ಸಣ್ಣ ಅಕ್ಷರಗಳನ್ನು ನನ್ನಿಂದಲೇ ಓದಿಸಿದರು: ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಮೊದಲನೆಯದು ಸ್ಟೀರಾಯ್ಡ್. "ಇದು ಔಷಧ ತಂಗಿ, ಸ್ನೋ ಪೌಡರ್ ಅಲ್ಲ. ಬ್ಯಾರೆ ರೋಗಕ್ಕ, ನಾವು ಹೇಳಿದಷ್ಟ ದಿನ ಹಚ್ಚೂದು," ಎಂದರು.

ಸ್ಟೀರಾಯ್ಡ್ ಊತವನ್ನು ತಾತ್ಕಾಲಿಕವಾಗಿ ಅಡಗಿಸುತ್ತದೆ, ಆದ್ದರಿಂದ ಮುಖ ನುಣ್ಣಗೆ ಕಾಣುತ್ತದೆ. ಆದರೆ ಮುಖದ ಮೇಲೆ ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳ ಕಾಣತೊಡಗುತ್ತವೆ, ಹುಡುಗಿಯರಿಗೆ ಮುಖದಲ್ಲಿ ಕೂದಲು ಬರಬಹುದು. ಬಿಟ್ಟೊಡನೆ ಎಲ್ಲವೂ ಇಮ್ಮಡಿಯಾಗಿ ತಿರುಗಿ ಬರುತ್ತದೆ. ಹೆದರಿ ಮತ್ತೆ ಹಚ್ಚುತ್ತೇವೆ. ಹೀಗೆ ಚಟದಂತೆ ಅಂಟಿಕೊಳ್ಳುತ್ತದೆ. ಇಡೀ ದೇಶದಲ್ಲಿ ಇದು ದೊಡ್ಡ ಪಿಡುಗು. ಅದಕ್ಕಾಗಿಯೇ 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಆದರೂ ಮನೆಯಿಂದ ಮನೆಗೆ ಟ್ಯೂಬು ದಾಟುವುದನ್ನು ಕಾನೂನು ತಡೆಯಲಾರದು, ಅದನ್ನು ನಾವೇ ತಡೆಯಬೇಕು. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ, ವೈದ್ಯರು ನಿಮಗೇ ಬರೆದುಕೊಟ್ಟಿರದಿದ್ದರೆ, ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಹೇಗೆ ಬಿಡಬೇಕೆಂದು ವೈದ್ಯರನ್ನೇ ಕೇಳಿ.

ಒಣದ್ರಾಕ್ಷಿ ಶೆಡ್ಡಿನ ಪಾಠ

ಡಾಕ್ಟರ್ ಮೇಡಂ ಒಂದು ತಿಂಗಳ ಔಷಧ ಕೊಟ್ಟು, "ನೋಡ ತಂಗಿ, ಮಾರಿ ಅಂದ್ರ ತಾಟ ಅಲ್ಲ, ತಿಕ್ಕಿ ತಿಕ್ಕಿ ತೊಳ್ಯಾಕ. ಎಣ್ಣಿ ಪೂರಾ ತೆಗೀಬಾರದು," ಎಂದರು. ಎಣ್ಣೆಯೇ ಶತ್ರು ಎಂದುಕೊಂಡಿದ್ದ ನನಗೆ ಇದು ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವರು ಅಬ್ಬಾ.

ಅಬ್ಬಾ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳಿಗೆ ಟೆಂಪೊ ಓಡಿಸುತ್ತಾರೆ. ಹಸಿ ದ್ರಾಕ್ಷಿಯ ಮೇಲೆ ಬೂದಿ ಬಣ್ಣದ ತೆಳು ಪದರ ಇರುತ್ತದೆ, ನೀವೂ ನೋಡಿರುತ್ತೀರಿ. ಅದು ಮೇಣ. ಆ ಮೇಣ ಇರುವ ತನಕ ಹಣ್ಣಿನ ನೀರು ಬೇಗ ಹೊರಹೋಗುವುದಿಲ್ಲ. ಶೆಡ್ಡಿನಲ್ಲಿ ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಆ ಕ್ಷಾರೀಯ ದ್ರಾವಣ ಮೇಣದ ಪದರವನ್ನು ಸಡಿಲಿಸುತ್ತದೆ. ಆಮೇಲೆ ನೆರಳಲ್ಲಿ ಬಲೆಯ ಮೇಲೆ ಹರಡಿದರೆ ಸುಮಾರು ಎರಡು ವಾರದಲ್ಲಿ ದ್ರಾಕ್ಷಿ ಸುಕ್ಕುಗಟ್ಟಿ ಒಣಗುತ್ತದೆ.

ನಾವು ಮುಖಕ್ಕೆ ಮಾಡುವುದೂ ಇದನ್ನೇ. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ದಿನಕ್ಕೆ ಐದಾರು ಸಲ ಸಾಬೂನು ಹಾಕಿ ತಿಕ್ಕಿದರೆ ಚರ್ಮದ ಕೋಶಗಳ ನಡುವಿನ ಕೊಬ್ಬಿನ ಗಾರೆ ಹೋಗುತ್ತದೆ, ಒಳಗಿನ ತೇವ ಹೊರಟುಹೋಗುತ್ತದೆ. ಚರ್ಮ ಬಿಗಿಯುತ್ತದೆ, ಉರಿಯುತ್ತದೆ. ಆದರೆ ಒಳಗಿನ ಗ್ರಂಥಿ ತನ್ನ ಕೆಲಸ ನಿಲ್ಲಿಸುವುದಿಲ್ಲ, ಅದಕ್ಕೆ ಆಜ್ಞೆ ಬರುವುದು ಹಾರ್ಮೋನಿನಿಂದ. ಹೊರಗೆ ಒಣಗಿ, ಒಳಗೆ ಎಣ್ಣೆ ತುಂಬಿದ ಮುಖ ಹೀಗೆ ತಯಾರಾಗುತ್ತದೆ. ನಮ್ಮ ಭಾಗದ ಬೋರ್‌ವೆಲ್ ನೀರು ಬೇರೆ ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಅಂಟಂಟು ಕಲ್ಮಷವಾಗಿ ಚರ್ಮದ ಮೇಲೆ ಉಳಿಯುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕೂಡುವ ಬಿಳಿ ಪದರ ನೆನಪಿಸಿಕೊಳ್ಳಿ.

ಇಲ್ಲೊಂದು ಪ್ರಶ್ನೆಯನ್ನು ಗೆಳತಿಯರು ಕೇಳಿದ್ದಾರೆ: ದಿನಕ್ಕೆ ಐದು ಸಲ ವುಜೂ ಮಾಡುವುದರಿಂದ ಮುಖ ಒಣಗುತ್ತದೆಯೇ? ಬರೀ ನೀರಿನಿಂದ ಈ ತೊಂದರೆ ಇಲ್ಲ. ಪ್ರತಿ ಸಲ ಸಾಬೂನು ಬೇಡ, ಬೆಳಿಗ್ಗೆ ಮತ್ತು ರಾತ್ರಿ ಮಾತ್ರ ಸಾಕು. ಟವೆಲ್ಲಿನಿಂದ ತಿಕ್ಕದೆ ಮೆಲ್ಲಗೆ ಒತ್ತಿ ಒರೆಸಿಕೊಳ್ಳಿ.

ಆಮ್ಲಗಳಲ್ಲಿ ಯಾವುದು, ಏಕೆ?

ತಿಂಗಳ ನಂತರ ಉರಿ ಇಳಿಯಿತು. ಆಗ ಡಾಕ್ಟರ್ ಮೇಡಂ ಹೇಳಿದ್ದು: ಸ್ಯಾಲಿಸಿಲಿಕ್ ಆಮ್ಲ, ಶೇ. 2, ವಾರಕ್ಕೆ ಎರಡೇ ರಾತ್ರಿ. ಆಮ್ಲ ಎಂದ ಕೂಡಲೇ ನಾನು ಹೌಹಾರಿದೆ. ಅವರು ನಕ್ಕು, "ಎರಡ ತಿಂಗಳ ತಾಳ್ಮಿ ಐತೇನು? ಇದ್ರ ಮುಂದ ಹೇಳ್ತೀನಿ," ಎಂದರು.

ಈ ಆಮ್ಲ ನಮಗೆ ಅಪರಿಚಿತವಲ್ಲ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಫೀನಾಲ್‌ಗಳ ಪಾಠದಲ್ಲಿ ಕೋಲ್ಬೆ ಕ್ರಿಯೆ ಎಂದು ಓದುತ್ತೇವಲ್ಲ, ಸೋಡಿಯಂ ಫಿನಾಕ್ಸೈಡ್ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ, ಆಮೇಲೆ ಆಮ್ಲೀಕರಿಸಿದಾಗ ಬರುವ ವಸ್ತು ಇದೇ. ಇದನ್ನು ಅಸಿಟೈಲೀಕರಿಸಿದರೆ ಆಸ್ಪಿರಿನ್. ವಿಲೋ ಎಂಬ ಮರದ ತೊಗಟೆ ನೋವಿಗೆ ಒಳ್ಳೆಯದೆಂದು ಜನ ಬಹು ಹಿಂದಿನಿಂದ ಬಳಸುತ್ತಿದ್ದರು. ಅದರಿಂದ 1828ರಲ್ಲಿ ಜರ್ಮನಿಯ ಬುಕ್ನರ್ ಸ್ಯಾಲಿಸಿನ್ ಬೇರ್ಪಡಿಸಿದರು, 1838ರಲ್ಲಿ ಇಟಲಿಯ ಪಿರಿಯಾ ಅದರಿಂದ ಈ ಆಮ್ಲ ಪಡೆದರು. ವಿಲೋ ಮರದ ಲ್ಯಾಟಿನ್ ಹೆಸರು ಸೇಲಿಕ್ಸ್, ಅದರಿಂದಲೇ ಆಮ್ಲಕ್ಕೆ ಈ ಹೆಸರು. ನೋವಿನ ಬಾಮುಗಳಲ್ಲಿ ಮೂಗಿಗೆ ಅಡರುವ ವಿಂಟರ್‌ಗ್ರೀನ್ ಎಣ್ಣೆ ಇದರ ಎಸ್ಟರ್. ಆರೋಗ್ಯ ಕೇಂದ್ರಗಳಲ್ಲಿ ಹುಳುಕಡ್ಡಿಗೆ ಕೊಡುತ್ತಿದ್ದ ವಿಟ್‌ಫೀಲ್ಡ್ ಮುಲಾಮಿನಲ್ಲಿ ಶೇ. 3 ಇರುತ್ತದೆ. ಕಾಲಿನ ಆಣಿಗೆ ಅಂಟಿಸುವ ಪಟ್ಟಿಯಲ್ಲಿ ಶೇ. 40 ಇರುತ್ತದೆ. ಒಂದೇ ವಸ್ತು. ಶೇ. 40ರಲ್ಲಿ ಗಟ್ಟಿ ಆಣಿಯನ್ನೇ ಕರಗಿಸುತ್ತದೆ, ಶೇ. 2ರಲ್ಲಿ ಮುಖಕ್ಕೆ ತಡೆದುಕೊಳ್ಳುವಷ್ಟು ಮೃದು. ಅಳತೆಯೇ ಎಲ್ಲ.

ಇದೇ ಆಮ್ಲ ಏಕೆ? ಉತ್ತರ ಅಣುವಿನ ರಚನೆಯಲ್ಲಿದೆ. ಗ್ಲೈಕೋಲಿಕ್, ಲ್ಯಾಕ್ಟಿಕ್ ಆಮ್ಲಗಳು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಅವು ಚರ್ಮದ ಮೇಲ್ಪದರದಲ್ಲಿ ಕೆಲಸ ಮಾಡುತ್ತವೆ. ಸ್ಯಾಲಿಸಿಲಿಕ್ ಆಮ್ಲದಲ್ಲಿ ಬೆಂಜೀನ್ ಉಂಗುರವಿದೆ, ಅದಕ್ಕೆ ನೀರಿಗಿಂತ ಎಣ್ಣೆಯ ಸ್ನೇಹ ಹೆಚ್ಚು. ಆದ್ದರಿಂದ ಅದು ಎಣ್ಣೆ ತುಂಬಿದ ರಂಧ್ರದೊಳಗೆ ಇಳಿಯಬಲ್ಲದು. ಅಲ್ಲಿ ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಕೊಂಡಿಗಳನ್ನು ಸಡಿಲಿಸುತ್ತದೆ. ಬೂಚು ಬಿಚ್ಚಿ ಚೂರು ಚೂರಾಗಿ ಹೊರಬರುತ್ತದೆ. ತಿಕ್ಕುವ ಅಗತ್ಯವೇ ಇಲ್ಲ. ಜೊತೆಗೆ ಆಸ್ಪಿರಿನ್‌ನ ಹತ್ತಿರದ ಸಂಬಂಧಿಯಾದ್ದರಿಂದ ಊತವನ್ನೂ ಸ್ವಲ್ಪ ಇಳಿಸುತ್ತದೆ.

ವಿಜ್ಞಾನ ವಿಭಾಗದವರಿಗೆ ಒಂದು ಲೆಕ್ಕ (ಉಳಿದವರು ಈ ಪ್ಯಾರಾ ದಾಟಿ ಹೋಗಬಹುದು). ಚರ್ಮದೊಳಗೆ ಸುಲಭವಾಗಿ ಇಳಿಯುವುದು ಅಯಾನೀಕರಣಗೊಳ್ಳದ ಅಣು. ಈ ಆಮ್ಲದ ಪಿಕೆಎ ಸುಮಾರು 2.97. ಹೆಂಡರ್ಸನ್ ಸಮೀಕರಣ ಹಾಕಿ ನೋಡಿ: ಪಿಎಚ್ 3 ಇದ್ದರೆ ನೂರರಲ್ಲಿ ಸುಮಾರು 48 ಅಣುಗಳು ಅಯಾನೀಕರಣಗೊಂಡಿರುವುದಿಲ್ಲ. ಪಿಎಚ್ 4 ಆದರೆ ಸುಮಾರು 9. ಪಿಎಚ್ 5.5 ಆದರೆ ಒಂದಕ್ಕಿಂತಲೂ ಕಡಿಮೆ. ಅಂದರೆ ಬಾಟಲಿಯ ಮೇಲೆ "ಶೇ. 2" ಎಂದು ಬರೆದಿದ್ದರೂ ಪಿಎಚ್ ಹೆಚ್ಚಿದ್ದರೆ ಕೆಲಸ ಮಾಡುವ ಅಂಶ ಕಡಿಮೆ. ತೀರಾ ಕಡಿಮೆ ಪಿಎಚ್ ಇದ್ದರೆ ಉರಿ ಹೆಚ್ಚು. ಆದ್ದರಿಂದ ಹಲವು ತಯಾರಿಕೆಗಳನ್ನು 3ರಿಂದ 4ರ ನಡುವೆ ಇಡುತ್ತಾರೆ. ಇನ್ನೊಂದು: 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಈ ಆಮ್ಲ ಸುಮಾರು 2 ಗ್ರಾಂ ಮಾತ್ರ ಕರಗುತ್ತದೆ. ಶೇ. 2 ಎಂದರೆ ಲೀಟರಿಗೆ 20 ಗ್ರಾಂ, ಹತ್ತು ಪಟ್ಟು. ಆದ್ದರಿಂದ ತಯಾರಕರು ಆಲ್ಕೋಹಾಲ್ ಅಥವಾ ಗ್ಲೈಕಾಲ್ ಬಳಸಿ ಕರಗಿಸುತ್ತಾರೆ. ಪ್ರಯೋಗಾಲಯದ ಪುಡಿ ತಂದು, ಇಲ್ಲವೇ ಆಸ್ಪಿರಿನ್ ಮಾತ್ರೆ ಅರೆದು ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎನ್ನುವವರು ದಯವಿಟ್ಟು ಬೇಡ. ಅಳತೆ, ಪಿಎಚ್ ಎರಡೂ ನಮ್ಮ ಕೈಯಲ್ಲಿರುವುದಿಲ್ಲ.

ನಾನು ಬಳಸಿದ ಕ್ರಮ

ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ಕಾದೆ. ತುರಿಕೆ, ಊತ ಏನೂ ಬರಲಿಲ್ಲ. ಆಮೇಲೆ ಹೀಗೆ ಮಾಡಿದೆ:

1. ಇಶಾ ನಮಾಜಿನ ನಂತರ ಸೌಮ್ಯ ಫೇಸ್‌ವಾಶ್‌ನಿಂದ ಮುಖ ತೊಳೆದು, ಒರೆಸಿ, ಪೂರ್ತಿ ಒಣಗಲು ಹತ್ತು ನಿಮಿಷ ಬಿಡುವುದು. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು.

2. ಕಡಲೆಕಾಳಿನಷ್ಟು ಜೆಲ್ ತೆಗೆದುಕೊಂಡು ಹಣೆ, ಮೂಗು, ಗದ್ದಕ್ಕೆ ತೆಳ್ಳಗೆ ಸವರುವುದು. ಕಣ್ಣಿನ ಸುತ್ತ, ತುಟಿ, ಮೂಗಿನ ಹೊಳ್ಳೆಯ ಅಂಚು, ಗಾಯ ಇರುವ ಕಡೆ ಬೇಡ.

3. ಸ್ವಲ್ಪ ಹೊತ್ತಿನ ನಂತರ ಸಾದಾ ಮಾಯಿಶ್ಚರೈಸರ್. "ಎಣ್ಣೆ ಮುಖಕ್ಕೆ ಮತ್ತೆ ಕ್ರೀಮು ಏಕೆ?" ಎಂದು ಅಮ್ಮಿ ಕೇಳಿದರು. ದ್ರಾಕ್ಷಿಯ ಮೇಣದ ಉದಾಹರಣೆ ಕೊಟ್ಟೆ, ಒಪ್ಪಿದರು.

4. ಫಜರ್‌ಗೆ ಎದ್ದಾಗ ವುಜೂ ನೀರಿನಲ್ಲೇ ತೊಳೆದುಹೋಗುತ್ತದೆ. ಅಷ್ಟರಲ್ಲಿ ಅದರ ಕೆಲಸ ಆಗಿರುತ್ತದೆ.

5. ಕಾಲೇಜಿಗೆ ಹೊರಡುವಾಗ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಇಲ್ಲವಾದರೆ ಛತ್ರಿ ಅಥವಾ ದುಪಟ್ಟಾದ ನೆರಳು. ಹೊಸ ಚರ್ಮ ಬಿಸಿಲಿಗೆ ಬೇಗ ಕಪ್ಪಾಗುತ್ತದೆ.

ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ, ನಾಲ್ಕನೇ ವಾರದ ನಂತರ ಮೂರು ರಾತ್ರಿ ಮಾಡಿದೆ. ಅದಕ್ಕಿಂತ ಹೆಚ್ಚು ನನಗೆ ಬೇಕಾಗಲಿಲ್ಲ. ಆ ದಿನಗಳಲ್ಲಿ ಸ್ಕ್ರಬ್, ಲಿಂಬೆ, ಥ್ರೆಡಿಂಗ್ ಯಾವುದೂ ಇಲ್ಲ.

ಫಲಿತಾಂಶವನ್ನು ಉಳಿದ ಪ್ರಯೋಗಗಳಂತೆಯೇ ರೆಕಾರ್ಡ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟೆ. ಮೊದಲ ವಾರ: ಸ್ವಲ್ಪ ಚುರುಚುರು, ಮೂಗಿನ ಬದಿಯಲ್ಲಿ ಸಿಪ್ಪೆ. ಎರಡು ಮತ್ತು ಮೂರನೇ ವಾರ: ಮೊಡವೆ ಕಡಿಮೆಯಾಗುವ ಬದಲು ಹಣೆಯಲ್ಲಿ ಐದಾರು ಹೊಸವು. ಅಂದು ಟ್ಯೂಬು ಎಸೆಯಲು ಹೋಗಿದ್ದೆ. ಒಳಗೆ ಆಗಲೇ ಮುಚ್ಚಿದ್ದ ರಂಧ್ರಗಳು ಬೇಗ ಮೇಲೆ ಬರುವುದರಿಂದ ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರಿಂದ ತಡೆದೆ. ಐದನೇ ವಾರ: ಮೂಗಿನ ಮೇಲೆ ಬೆರಳಾಡಿಸಿದರೆ ಮರಳಿನಂತೆ ತಾಗುತ್ತಿದ್ದುದು ನಿಂತಿತು. ಎಂಟನೇ ವಾರ: ಬ್ಲ್ಯಾಕ್‌ಹೆಡ್ ಅರ್ಧಕ್ಕಿಂತ ಕಡಿಮೆ, ಹೊಸ ಮೊಡವೆ ವಾರಕ್ಕೆ ಒಂದೋ ಎರಡೋ. ಹತ್ತನೇ ವಾರ: ಹಳೆಯ ಕಲೆಗಳು ಇನ್ನೂ ಇವೆ, ಆದರೆ ಮಸುಕಾಗಿವೆ.

ಎರಡು ತಿಂಗಳು ಏಕೆ ಬೇಕು? ಚರ್ಮದ ಅಡಿಯಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ಎರಡು ಸುತ್ತಾದರೂ ನಡೆಯಬೇಕು. "ಮೂರು ದಿನದಲ್ಲಿ ಮೊಡವೆ ಮಾಯ" ಎನ್ನುವ ಯಾವುದೇ ಮಾತು ಈ ಲೆಕ್ಕಕ್ಕೆ ಹೊಂದುವುದಿಲ್ಲ.

ಇದು ಮಾಡದ ಕೆಲಸಗಳು

ಇದು ಬಣ್ಣ ಬಿಳಿ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ರಂಧ್ರವನ್ನು ಮುಚ್ಚುವುದೂ ಇಲ್ಲ. ರಂಧ್ರಕ್ಕೆ ಬಾಗಿಲಿನಂತೆ ತೆರೆದು ಮುಚ್ಚುವ ಸ್ನಾಯು ಇಲ್ಲ, ಒಳಗಿನ ಬೂಚು ಹೋದಾಗ ಸಣ್ಣದಾಗಿ ಕಾಣುತ್ತದೆ ಅಷ್ಟೆ. ಎಣ್ಣೆಯ ಗ್ರಂಥಿಯನ್ನು ಇದು ನಿಲ್ಲಿಸುವುದಿಲ್ಲ. ಬಿಟ್ಟರೆ ಕೆಲವು ವಾರಗಳಲ್ಲಿ ರಂಧ್ರ ಮತ್ತೆ ಮುಚ್ಚಬಹುದು.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಆಸ್ಪಿರಿನ್ ಒಗ್ಗದವರು, ಕಜ್ಜಿ ಅಥವಾ ಗಾಯ ಇರುವವರು, ವೈದ್ಯರು ಕೊಟ್ಟ ಅಡಪಾಲೀನ್, ಟ್ರೆಟಿನಾಯಿನ್ ಬಳಸುತ್ತಿರುವವರು, ಗರ್ಭಿಣಿಯರು ಕೇಳದೆ ಹಚ್ಚಬಾರದು. ಮನೆಯ ಸಣ್ಣ ಮಕ್ಕಳಿಗೆ ಹಚ್ಚಬೇಡಿ. ಫ್ಲೂ, ಸಿಡುಬಿನಂಥ ಜ್ವರ ಬಂದಾಗ ನಿಲ್ಲಿಸಿ. ಮೈತುಂಬ ಹಚ್ಚಬೇಡಿ. ಶೇ. 20, 30ರ "ಪೀಲ್" ಬಾಟಲಿಗಳು ವೈದ್ಯರ ಕೈಯಲ್ಲಿ ಇರಬೇಕಾದವು, ನಮ್ಮ ಕಪಾಟಿನಲ್ಲಲ್ಲ.

ಗಟ್ಟಿಯಾಗಿ, ಆಳದಲ್ಲಿ ನೋಯುವ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ, ಹುಡುಗಿಯರಿಗೆ ಮೊಡವೆಯ ಜೊತೆ ಮುಟ್ಟು ಏರುಪೇರಾಗಿದ್ದು ಗದ್ದದಲ್ಲಿ ಕೂದಲು ಬರುತ್ತಿದ್ದರೆ, ಈ ಲೇಖನ ಬದಿಗಿಟ್ಟು ವೈದ್ಯರ ಬಳಿ ಹೋಗಿ. ಸರಕಾರಿ ಆಸ್ಪತ್ರೆಯ ಚೀಟಿಗೆ ಆಗುವ ಖರ್ಚು ಒಂದು ಕ್ರೀಮಿನ ಬೆಲೆಗಿಂತ ಬಹಳ ಕಡಿಮೆ.

ಕಾಸಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ. ಸ್ಕಾರ್ಫ್, ನಕಾಬು, ಟೋಪಿ, ಹೆಲ್ಮೆಟ್ಟಿನ ಪಟ್ಟಿ ಬೆವರಿನಲ್ಲಿ ನೆನೆದು ಉಜ್ಜುವ ಕಡೆ ಮೊಡವೆ ಹೆಚ್ಚು. ಹತ್ತಿಯದನ್ನು ಬಳಸಿ, ದಿನವೂ ಒಗೆಯಿರಿ. ದಿಂಬಿನ ಕವರ್ ವಾರಕ್ಕೊಮ್ಮೆ ಬದಲಿಸಿ. ಒಬ್ಬರ ಟವೆಲ್ ಇನ್ನೊಬ್ಬರು ಬಳಸಬೇಡಿ, ಹಾಸ್ಟೆಲಿನವರು ವಿಶೇಷವಾಗಿ. ಮೊಡವೆ ಚಿವುಟಬೇಡಿ. ಮೊಡವೆ ವಾರದಲ್ಲಿ ಹೋಗುತ್ತದೆ, ಚಿವುಟಿದ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಕೊನೆಯದಾಗಿ ಗುರುಗಳಲ್ಲೂ ಗೆಳೆಯರಲ್ಲೂ ಒಂದು ವಿನಂತಿ. ಯಾರ ಮುಖ ನೋಡಿಯೂ "ಇದೇನಿದು, ಏನಾದರೂ ಹಚ್ಚಬಾರದಾ?" ಎಂದು ಎಲ್ಲರೆದುರು ಕೇಳಬೇಡಿ. ಅವರು ಬಹುಶಃ ಏನೇನೋ ಹಚ್ಚಿ ನೋಡಿರುತ್ತಾರೆ. ಕೇಳಲೇಬೇಕೆಂದರೆ ಪಕ್ಕಕ್ಕೆ ಕರೆದು ಕೇಳಿ, ಟ್ಯೂಬಿನ ಮೇಲಿನ ಹೆಸರು ಒಟ್ಟಿಗೆ ಓದಿ.

ಈ ವರ್ಷದ ವಸ್ತುಪ್ರದರ್ಶನಕ್ಕೆ ನಾನು ಮತ್ತು ಅದೇ ಗೆಳತಿ ಸೇರಿ ಹೊಸ ಮಾದರಿ ಮಾಡುತ್ತಿದ್ದೇವೆ. ವಿಷಯ: ನಮ್ಮ ಮನೆಯ ವಸ್ತುಗಳ ಪಿಎಚ್. ಲಿಂಬೆ, ಮೊಸರು, ಸಾಬೂನು, ಭೂತನಾಳ ಕೆರೆಯ ನೀರು, ಬೋರ್‌ವೆಲ್ ನೀರು ಎಲ್ಲವೂ ಮೇಜಿನ ಮೇಲೆ ಇರುತ್ತವೆ. ಹಣೆಯ ಮೇಲೆ ಈಗಲೂ ಎರಡು ಮೊಡವೆ ಇವೆ, ಆ ದಿನ ಇನ್ನೊಂದು ಬಂದರೂ ಬರಬಹುದು. ಈ ಸಲ ವಿವರಿಸಲು ನಾನೇ ನಿಲ್ಲುತ್ತೇನೆ. ಬಂದು ಪ್ರಶ್ನೆ ಕೇಳಿ.